ಘಾಟು ಬರದ ಮೆಣಸಿನಕಾಯಿ

ದೃಷ್ಟಿ, ನೆದರು ಎಂದರೆ ನಗುತ್ತಿದ್ದವಳು ನಾನು. ನಂಬುತ್ತೇನೆಂದು ಈಗಲೂ ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಓದಿ ನೋಡಿ, ನಿಮಗೇನಾದರೂ ಹೊಳೆದರೆ ಹೇಳಿ.

ಆಗ ಮುಂಬಯಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಸುಟ್ಟ ಗಾಯಕ್ಕೆ ಹೊಸ ಚರ್ಮ ಬೆಳೆಸಲು ಬೇಕಾದ ತೆಳು ಪಾಲಿಮರ್ ಹಾಳೆ ನಮ್ಮ ವಿಷಯ. ಅದರ ಮೇಲೆ ನೀರು ಹಾಕಿದರೆ ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿ ಹೋಗುತ್ತದೆ, ಜೀವಕೋಶಗಳೂ ಅಂಟುವುದಿಲ್ಲ. ಯಂತ್ರದ ಪೆಟ್ಟಿಗೆಯೊಳಗಿಟ್ಟು, ವಿದ್ಯುತ್ ಹಾಯಿಸಿ ಗ್ಯಾಸನ್ನು ಪ್ಲಾಸ್ಮಾ ಆಗಿ ಹೊತ್ತಿಸಿದರೆ, ಆ ನೇರಳೆ ಬೆಳಕಿನಲ್ಲಿ ಹಾಳೆಯ ಮೈ ಬದಲಾಗಿ ಕೋಶಗಳು ಅಂಟಿ ಬೆಳೆಯುತ್ತವೆ. ಬೆಳೆಯಬೇಕು. ನನ್ನವು ಬೆಳೆಯುತ್ತಿರಲಿಲ್ಲ.

ರೇಖಾಳವು ಬೆಳೆದವು. ಬೆಳಗಾವಿ ಕಡೆಯವರ ಮಗಳು, ಬೊರಿವಲಿಯಲ್ಲೇ ಹುಟ್ಟಿದವಳು, ನನಗಿಂತ ತಡವಾಗಿ ಲ್ಯಾಬಿಗೆ ಸೇರಿದವಳು. ಅದೇ ಯಂತ್ರ, ಅದೇ ಹಾಳೆ. "ಅಕ್ಕಾ, ಜಲ್ದಿ ಬಾ ನಾ, ಒಮ್ಮೆ ನೋಡು" ಎಂದು ನನ್ನನ್ನು ಎಳೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಕಣ್ಣಿಟ್ಟೆ. ಕೋಶಗಳು ಕೈಕಾಲು ಚಾಚಿ ಹಾಳೆಯ ತುಂಬ ಹಬ್ಬಿದ್ದವು. ಹೊಟ್ಟೆಯೊಳಗೆ ಕೆಂಡ ಸುರಿದಂತಾಯಿತು. ಏಳಲೂ ಆಗಲಿಲ್ಲ, ನೋಡುತ್ತಲೇ ಕೂತೆ. ಕೊನೆಗೆ "ಮಸ್ತ್ ಬಂದಾವ" ಎಂದೆ.

ಅಂದಿನಿಂದ ಅವಳ ಹಾಳೆಗೆ ಒಂದು ಕೋಶವೂ ಅಂಟಲಿಲ್ಲ. ಹಾಳೆ ಬದಲಿಸಿದಳು, ಗ್ಯಾಸ್ ಬದಲಿಸಿದಳು, ರಿಪೇರಿಯವರನ್ನು ಕರೆಸಿದಳು. ಯಂತ್ರ ಸರಿಯಾಗಿಯೇ ಇತ್ತು. ಫಲಿತಾಂಶ ಮತ್ತೊಮ್ಮೆ ಬರದಿದ್ದರೆ ಥೀಸಿಸ್ ಮುಟ್ಟುವುದಿಲ್ಲ ಎಂದರು ಗೈಡ್. ನನಗೆ ಕನಿಕರವಾಯಿತು ಎಂದು ಬರೆದರೆ ಸುಳ್ಳಾದೀತು. ಆ ದಿನಗಳಲ್ಲಿ ನನಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು.

ಒಂದು ಶನಿವಾರ ಸಂಜೆ ಅವಳು ಘಾಟ್ಕೋಪರಿನ ನಮ್ಮ ಮನೆಗೆ ಬಂದಳು. ಅವ್ವ ಬಡಿದ ಜೋಳದ ರೊಟ್ಟಿ ಮುರಿಯುತ್ತ ಅತ್ತೇಬಿಟ್ಟಳು. "ಕಾಕು, ಸಬ್ ಟ್ರೈ ಮಾಡೀನಿ. ಸೆಲ್ಸ್ ಚಿಪಕತಾನೇ ಇಲ್ಲ."

ಅವ್ವ ಧಾರವಾಡದವಳು. ಏನು ಅಂಟಬೇಕಿತ್ತು, ಯಾಕೆ ಅಂಟಲಿಲ್ಲ ಎಂದು ಕೇಳಲೂ ಇಲ್ಲ. "ನೆದರ ಆಗೇತಿ. ಕುಂದರ ಇಲ್ಲೆ" ಎಂದು ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನಿವಾಳಿಸಿದಳು. "ಹೋದಾರ ಕಣ್ಣು, ಬಂದಾರ ಕಣ್ಣು, ಮನಿಯಾರ ಕಣ್ಣು..." ನಾನು ನಕ್ಕೆ. ಅವ್ವ ಎಲ್ಲವನ್ನೂ ಕಾದ ಹಂಚಿಗೆ ಸುರಿದಳು. ಮೆಣಸಿನಕಾಯಿ ಕರಕಲಾಯಿತು, ಹೊಗೆ ಎದ್ದಿತು. ಘಾಟಿಲ್ಲ. ಆ ಗೇಣಗಲದ ಅಡುಗೆಮನೆಯಲ್ಲಿ ಮೂವರಲ್ಲಿ ಒಬ್ಬರೂ ಕೆಮ್ಮಲಿಲ್ಲ. ನೆದರು ಆಗಿದ್ದರೆ ಘಾಟು ಬರುವುದಿಲ್ಲ ಎನ್ನುತ್ತಾರೆ.

ಬ್ಯಾಡಗಿ ಕಾಯಿ ಇರಬೇಕು, ಖಾರ ಕಡಿಮೆ ಎಂದುಕೊಂಡೆ. ಹೋಲಿಕೆಯಿಲ್ಲದ ಪ್ರಯೋಗ ಪ್ರಯೋಗವೇ ಅಲ್ಲ ಎಂದು ನಮಗೆ ಕಲಿಸಿದ್ದರಲ್ಲ! ರೇಖಾ ಹೋದ ಮೇಲೆ ಅದೇ ಡಬ್ಬಿಯಿಂದ ಅಷ್ಟೇ ಕಾಯಿ ತೆಗೆದು, ಅಷ್ಟೇ ಉಪ್ಪಿನೊಂದಿಗೆ ಅದೇ ಹಂಚಿಗೆ ಹಾಕಿದೆ. ಕಣ್ಣು, ಮೂಗು, ಗಂಟಲು ಉರಿದುಹೋದವು. ಪಕ್ಕದ ಮನೆಯ ಗುಜರಾತಿ ಅಜ್ಜಿ ಕೆಮ್ಮುತ್ತ ಬಂದು ಬಾಗಿಲು ಬಡಿದರು.

ಅವ್ವ ಕಿಟಕಿ ತೆರೆಯುತ್ತ, ನನ್ನ ಕಡೆ ತಿರುಗದೆ ಹೇಳಿದಳು: "ಇನ್ನಮ್ಯಾಲೆ ಅಕಿದು ನೀ ನೋಡಾಕ ಹೋಗಬ್ಯಾಡವಾ."

ಮೈಕ್ರೋಸ್ಕೋಪಿನ ಸಂಗತಿ ನಾನು ಅವಳಿಗೆ ಹೇಳಿರಲೇ ಇಲ್ಲ.

ಮುಂದಿನ ವಾರ ರೇಖಾಳ ಕೋಶಗಳು ಅಂಟಿದವು. ಬಾ ನೋಡು ಎಂದು ಕರೆದಳು; ಲೋಕಲ್ ತಪ್ಪುತ್ತದೆ ಎಂದು ಹೊರಟುಬಿಟ್ಟೆ. ಹವೆಯ ತೇವ ಕಡಿಮೆಯಾಗಿತ್ತೋ, ಹಾಳೆಯಲ್ಲೇ ಏನಾದರೂ ವ್ಯತ್ಯಾಸವಿತ್ತೋ, ಎಷ್ಟು ಯೋಚಿಸಿದರೂ ಗೊತ್ತಾಗಿಲ್ಲ. ಕೋಶಗಳಿಗೆ ಒಂದು ಕಾರಣ ಹುಡುಕಿಕೊಂಡೇನು. ಮೆಣಸಿನಕಾಯಿಗೆ ಏನು ಹೇಳಲಿ?

ನನ್ನ ಥೀಸಿಸ್ಸೂ ಕುಂಟುತ್ತ ಮುಗಿಯಿತು. ಇನ್ನೂ ಬೇರೆಯವರ ಲ್ಯಾಬಿನಲ್ಲೇ ಕೆಲಸ ಮಾಡುತ್ತಿದ್ದೇನೆ. ಮೊನ್ನೆ ರೇಖಾಳ ಮೆಸೇಜು ಬಂತು: ಅವಳದೇ ಲ್ಯಾಬು, ಅವಳದೇ ಪ್ಲಾಸ್ಮಾ ಯಂತ್ರ. ಕೆಳಗೆ ಒಂದು ಫೋಟೊ, ಒತ್ತಿ ತೆರೆಯುವವರೆಗೂ ಮಸುಕಾಗಿಯೇ ಕಾಣುವಂಥದ್ದು. ಹಳೆಯ ಕೆಂಡ ಆರಿಲ್ಲವೆಂದು ಆಗ ತಿಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು, "ನೋಡಿದ್ಯಾ ಅಕ್ಕಾ?"

"ನೋಡಿದೆ, ಛಲೋ ಐತಿ" ಎಂದು ಬರೆದೆ. ಫೋಟೊ ಇನ್ನೂ ತೆರೆದಿಲ್ಲ.