ಕಾಡೆಮ್ಮೆಯ ಬೈತಲೆ

ಕಳೆದ ಶುಕ್ರವಾರ ಸಂಜೆ ಒಮಾನಿನ ಮತ್ರಾ ಸೂಕಿನ ಪೇಟೆಯಲ್ಲಿರುವ ಹಸನಾಕನ ಅಂಗಡಿಗೆ ಕಾರ್ಕಳದಿಂದ ಮರದ ಪ್ರಾಣಿಗಳು ಬಂದವು. ಪೆಟ್ಟಿಗೆ ಬಿಚ್ಚಿದಾಗ ಮೂಗಿಗೆ ಬಡಿದ ವಾರ್ನಿಷಿನ ವಾಸನೆಗೆ ನನಗೆ ನೆನಪಾದದ್ದು ಕಾರ್ಕಳವಲ್ಲ, ಕೀನ್ಯಾ. ಕಾರಣ ಹೇಳುತ್ತೇನೆ.

ಹಸನಾಕ ಬಜ್ಪೆ ಕಡೆಯ ಬ್ಯಾರಿ. ಹಡಗಿನಲ್ಲಿ ಬರುವ ಪ್ರವಾಸಿಗರಿಗೆ ಆಫ್ರಿಕಾದ ಐದು ದೊಡ್ಡ ಪ್ರಾಣಿಗಳ ಸೆಟ್ಟು ಮಾರುತ್ತಾರೆ: ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ. ಕೆತ್ತುವವರು ಕಾರ್ಕಳದ ವಾಸು ಆಚಾರ್ರು. ಆಚಾರ್ರಿಗೆ ಇದೊಂದೇ ಅಂಗಡಿ ಗಿರಾಕಿ. ನಾನು ಅಲ್ ಖುವೈರ್‌ನ ಕಚೇರಿಯಿಂದ ವಾರಕ್ಕೊಮ್ಮೆ ಅಲ್ಲಿಗೆ ಚಹಾ ಕುಡಿಯಲು ಹೋಗುವವನು. ವರ್ಷಗಟ್ಟಲೆ ಆ ಪ್ರಾಣಿಗಳ ಎದುರು ಕೂತರೂ ಏನನ್ನೂ ಗಮನಿಸಿರಲಿಲ್ಲ. ಹಿಂದೆ ಪತ್ರಿಕೆಯಲ್ಲಿ ವರದಿಗಾರನಾಗಿದ್ದೆ ಎಂದು ಮಾತ್ರ ಎಲ್ಲರಿಗೂ ಹೇಳಿಕೊಂಡಿದ್ದೆ.

ಹೋದ ವರ್ಷ ಗಮನಿಸಿದವರು ಆಫ್ರಿಕಾದ ಝಾಂಜಿಬಾರಿನಲ್ಲಿ ಹುಟ್ಟಿದ ಒಬ್ಬ ಒಮಾನಿ ಹಿರಿಯರು. ಕಾಡೆಮ್ಮೆಯನ್ನು ತಿರುಗಿಸಿ ನೋಡಿ, "ಯೇ ತೋ ತುಮ್ಹಾರೇ ಗಾಂವ್ ಕಾ ಭೈಂಸ್ ಹೈ" ಎಂದು ನಕ್ಕು ಕೆಳಗಿಟ್ಟರು. ನಿಜವೇ, ಅದು ನಮ್ಮೂರಿನ ಎಮ್ಮೆಯೇ. ಹಿಂದಕ್ಕೆ ಬಾಗಿದ ಕೊಂಬು, ಎಣ್ಣೆ ಹಚ್ಚಿದಂಥ ಮೈ. ಆಚಾರ್ರು ಕೆತ್ತಿದ್ದು ಕಂಬಳದ ಕೋಣವನ್ನು. ಆನೆಯ ಕಿವಿಯೂ ದೇವಸ್ಥಾನದ ಆನೆಯದೇ.

"ಆಚಾರ್ರದ್ದು ಖಲಾಸ್ ಮಾಡುವ ಮಾಮ. ಚೀನಾದ್ದು ತರಿಸುವ" ಎಂದ ಹಸನಾಕನ ಅಳಿಯ ರಫೀಕ್.

"ಪಾಪ, ಆಚಾರ್ರು ಎಲ್ಲಿ ನೋಡ್ಬೇಕು ಅದನ್ನು? ನಾನೇ ನೋಡ್ಲಿಲ್ಲ" ಎಂದರು ಹಸನಾಕ.

ಆ ವರ್ಷ ಹಸನಾಕ ಊರಿಗೆ ಹೋಗಲಿಲ್ಲ. ಕೀನ್ಯಾಕ್ಕೆ ಹೊರಟರು, ನನ್ನನ್ನೂ ಎಳೆದುಕೊಂಡು. ಮರದ ಕೆಳಗೆ ಸಿಂಹಗಳು ಮಲಗಿದ್ದವು. ಜೀಪಿನಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರೆ ಹಸನಾಕ ಆಚೆ ತಿರುಗಿ ಕೂತಿದ್ದರು. "ಸಿಂಹ ಯಾರಿಗೆ ಗೊತ್ತಿಲ್ಲ ಮಾರಾಯ್ರೆ?" ಕಾಡೆಮ್ಮೆ ಕಂಡದ್ದೇ ಫೋನು ಎತ್ತಿ ವಿಡಿಯೊ ಹಿಡಿದರು.

"ಆಚಾರ್ರೆ, ಸಮಾ ನೋಡಿ. ಕೊಂಬು ಹಣೆಯಲ್ಲಿ ಕೂಡಿ ಎರಡು ಕಡೆ ಇಳೀತದೆ, ಬೈತಲೆ ತೆಗೆದ ಹಾಗೆ. ಮತ್ತೆ ತುದಿ ಮೇಲೆ."

ಆನೆ ತೀರ ಹತ್ತಿರ ಬಂತು. ನಾನು ಕಾಲು ಮಡಚಿಕೊಂಡೆ. ಹಸನಾಕ ಮೆಲ್ಲಗೆ, "ಕಿವಿ ಮೊರ ಅಲ್ಲ ಆಚಾರ್ರೆ, ಕೊಡೆ" ಎಂದರು. ಘೇಂಡಾಮೃಗ ದೂರದಲ್ಲೇ ನಿಂತು ಎಲ್ಲ ಮಗ್ಗುಲನ್ನೂ ತೋರಿಸಿತು. ಚಿರತೆಯದು ಕೊಂಬೆಯಿಂದ ಇಳಿಬಿದ್ದ ಬಾಲವಷ್ಟೇ. "ಬಾಲ ನಿಮ್ಮದು ಸರಿ ಉಂಟು."

ಸಂಜೆ ಫೋನಿನಲ್ಲಿ ಆಚಾರ್ರ ದನಿ ಬಂತು: "ಇದು ಕೋಣವಾ ಹಸನಾಕ? ಕೆಸರಲ್ಲಿ ಓಡ್ತದಾ? ಹಣೆ ಇನ್ನೂ ಹತ್ತಿರದಿಂದ ತೆಗೀರಿ."

"ಹತ್ತಿರ ಹೋದ್ರೆ ನಿಮಗೆ ಇರುವ ಒಬ್ಬ ಗಿರಾಕಿಯೂ ಹೋದ."

ಶುಕ್ರವಾರ ಬಂದದ್ದು ಆ ವಿಡಿಯೊ ನೋಡಿ ಕೆತ್ತಿದ ಮೊದಲ ಸೆಟ್ಟು. ರಫೀಕ್ ಫೋನಿನ ಚಿತ್ರ ಪಕ್ಕಕ್ಕಿಟ್ಟುಕೊಂಡು ಒಂದೊಂದನ್ನೇ ನೋಡಿದ. ಕೊಂಬು ಸರಿಯಿತ್ತು. ಕಿವಿ ಸರಿಯಿತ್ತು. ಕೊನೆಗೆ ಸಿಂಹವನ್ನು ಎತ್ತಿದ. ಕೇಸರವೆಲ್ಲ ಸುರುಳಿ ಸುರುಳಿ, ಗುಡಿಯ ಮೆಟ್ಟಿಲ ಬದಿಯ ಕಲ್ಲಿನ ಸಿಂಹದಂತೆ.

"ಮಾಮ, ಇದರ ವಿಡಿಯೊ?"

ಹಸನಾಕ ಚಹಾ ಕುಡಿದರು.

ಇನ್ನು ಮುಂದೆ ಸಿಂಹ ಚೀನಾದಿಂದ ಬರುತ್ತದೆ. ಉಳಿದ ನಾಲ್ಕನ್ನು ಆಚಾರ್ರೇ ಕೆತ್ತುತ್ತಾರೆ.