ಬ್ರೆಡ್ಡಿನ ಮೇಲೆ ಊರುಬಿಂಡಿ

ಚಳ್ಳಕೆರೆಯಲ್ಲಿ ಬ್ರೆಡ್ಡು ಕೊಳ್ಳುವುದಕ್ಕೆ ಒಂದು ಕಾರಣ ಬೇಕು. ಸಾಮಾನ್ಯವಾಗಿ ಆ ಕಾರಣದ ಹೆಸರು ಜ್ವರ. ಒಂದು ಪೌಂಡು ಬ್ರೆಡ್ಡು ಕಟ್ಟಿಸಿಕೊಂಡು ಹೊರಟವನನ್ನು ದಾರಿಯಲ್ಲಿ ಸಿಕ್ಕವರು ಯಾರಿಗೆ ಹುಷಾರಿಲ್ಲವೆಂದು ಕೇಳುತ್ತಾರೆ. ಯಾರಿಗೂ ಏನೂ ಆಗಿಲ್ಲ, ತಿನ್ನೋಣವೆಂದು ಒಯ್ಯುತ್ತಿದ್ದೇನೆ ಎಂದರೆ ನಂಬುವುದಿಲ್ಲ; ಮನೆಯ ಕಾಯಿಲೆ ಮುಚ್ಚಿಡುತ್ತಿದ್ದಾನೆ ಎಂದುಕೊಂಡು ಮುಂದೆ ಹೋಗುತ್ತಾರೆ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಒಂದು ಪ್ಯಾಕೆಟ್ ಬ್ರೆಡ್ಡು, ನಾಲ್ಕು ಮೂಸಂಬಿ ಹಿಡಿದು ಹೋಗುವುದು ಇಲ್ಲಿಯ ಧರ್ಮ. ಆ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿಂದ ರೋಗಿ ಬೇಗ ಗುಣವಾಗುತ್ತಾನೆ. ನಾಳೆಯೂ ಇದನ್ನೇ ತಿನ್ನಬೇಕಾದೀತೆಂಬ ಭಯದಿಂದ ಗುಣವಾಗುತ್ತಾನೆ ಎಂಬುದು ನನ್ನ ವೈಯಕ್ತಿಕ ಅಭಿಪ್ರಾಯ.

ಇಂಥ ಊರಿನಲ್ಲಿ, ನಮ್ಮ ಮನೆಯ ಮಹಡಿಗೆ, ದಿನಕ್ಕೆ ಎರಡು ಹೊತ್ತು ಬ್ರೆಡ್ಡು ತಿನ್ನುವ ಹೆಂಗಸೊಬ್ಬರು ಬಾಡಿಗೆಗೆ ಬಂದರು.

ಜರ್ಮನಿಯವರು. ವಯಸ್ಸು ಐವತ್ತರ ಆಚೀಚೆ. ಕುದಾಪುರದ ಕಡೆ ಒಂದು ವಿಜ್ಞಾನದ ಸಂಸ್ಥೆಯಲ್ಲಿ ಎರಡು ವರ್ಷದ ಕೆಲಸ. ಬೆಳಿಗ್ಗೆ ವ್ಯಾನು ಬಂದು ಕರೆದೊಯ್ದು ಸಂಜೆ ತಂದು ಬಿಡುತ್ತಿತ್ತು. ಫೋನಿನಲ್ಲೇ ಒಂದಿಷ್ಟು ಕನ್ನಡ ಕಲಿತು ಬಂದಿದ್ದರು. ಅದು ಎಷ್ಟು ಶುದ್ಧವಾಗಿತ್ತೆಂದರೆ ನಮ್ಮ ಬೀದಿಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಮನೆ ನೋಡಲು ಬಂದ ದಿನವೇ ಅವರು ಒಂದು ಮಾತು ಹೇಳಿದ್ದರು. ಮೊದಲ ಮೂರು ತಿಂಗಳು ನೋಡುವುದು, ಒಗ್ಗಿದರೆ ಇರುವುದು, ಒಗ್ಗದಿದ್ದರೆ ವಾಪಸು ಹೋಗುವುದು. ಗೌರಿಹಬ್ಬದ ಹೊತ್ತಿಗೆ ಸಂಸ್ಥೆಗೆ ತಿಳಿಸಬೇಕು.

ನಾನು ಅದನ್ನು ಬಾಡಿಗೆ ಕರಾರಿನ ಒಂದು ಕಲಮು ಎಂದು ಕೇಳಿಸಿಕೊಂಡೆ. ನನ್ನ ಹೆಂಡತಿ ಬೇರೆ ರೀತಿ ಕೇಳಿಸಿಕೊಂಡಳು. ‘ಒಗ್ಗಲಿಲ್ಲ ಅಂದ್ರೆ ಹೊರಟೋಗ್ತಾರಂತೆ’ ಎಂದು, ಪಕ್ಕದಲ್ಲೇ ನಿಂತು ಕೇಳಿದ್ದ ನನಗೇ ಸುದ್ದಿ ಹೇಳಿದಳು. ಅಂದಿನಿಂದ ಆ ಹೆಂಗಸನ್ನು ಚಳ್ಳಕೆರೆಗೆ ಒಗ್ಗಿಸುವ ಹೊಣೆ ಅವಳದಾಯಿತು. ಏಕೆಂದು ನಾನು ಕೇಳಲಿಲ್ಲ. ಹೆಂಡತಿಯ ತೀರ್ಮಾನಗಳಿಗೆ ಕಾರಣ ಕೇಳುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ.

ಮೊದಲ ಅಡ್ಡಿ ವ್ಯಾಕರಣದ ಕಡೆಯಿಂದ ಬಂತು. ಪ್ರತಿ ಸಂಜೆ ಇವಳು ಮೆಟ್ಟಿಲ ಬುಡದಲ್ಲಿ ನಿಂತು ‘ಉಂಡ್ರಾ?’ ಎನ್ನುತ್ತಿದ್ದಳು. ಅವರು ಮೇಲಿನಿಂದ, ‘ಹೌದು ಅಕ್ಕ, ಬ್ರೆಡ್ ತಿಂದೆ’ ಎನ್ನುತ್ತಿದ್ದರು. ನಮ್ಮಲ್ಲಿ ಉಣ್ಣುವುದು ಬೇರೆ, ತಿನ್ನುವುದು ಬೇರೆ. ಮುದ್ದೆ ಉಣ್ಣಬಹುದು, ಅನ್ನ ಉಣ್ಣಬಹುದು. ಬ್ರೆಡ್ಡನ್ನು ಒಂದು ಗಾಡಿಯಷ್ಟು ತಿಂದರೂ ಉಂಡಂತಾಗುವುದಿಲ್ಲ. ಹಾಗಾಗಿ ಹನ್ನೊಂದನೆಯ ದಿನ ನನ್ನ ಹೆಂಡತಿ ಎದುರುಮನೆಯ ಅಜ್ಜಿಯ ಹತ್ತಿರ, ಮೇಲಿನಾಕೆ ಬಂದು ಹನ್ನೊಂದು ದಿನವಾದರೂ ಒಂದು ಹೊತ್ತೂ ಉಂಡಿಲ್ಲ, ಬರೀ ಬ್ರೆಡ್ಡು, ಎಂದಳು. ಅಜ್ಜಿಗೆ ಅಷ್ಟು ಸಾಕಾಯಿತು. ಹನ್ನೊಂದು ದಿನದಿಂದ ಇಳಿಯದ ಜ್ವರ.

ಮರುದಿನದಿಂದ ಬೀದಿಯವರು ರೋಗಿಯನ್ನು ನೋಡಲು ಬಂದರು. ಬರಿಗೈಯಲ್ಲಿ ಬರುತ್ತಾರೆಯೇ? ಕೈಯಲ್ಲಿ ಬ್ರೆಡ್ಡು, ಮೂಸಂಬಿ. ಮೇಲೆ ಹೋಗಿ, ಮಂಚದ ಅಂಚಿನಲ್ಲಿ ಕೂತು, ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ನಿಟ್ಟುಸಿರು ಬಿಟ್ಟು ಇಳಿದು ಬರುತ್ತಿದ್ದರು. ಮಹಡಿಯವರಿಗೋ ಆನಂದವೇ ಆನಂದ. ನನ್ನನ್ನು ಕರೆದು, ತನಗೆ ಬ್ರೆಡ್ಡು ಇಷ್ಟವೆಂದು ಇಷ್ಟು ಜನಕ್ಕೆ ಹೇಗೆ ತಿಳಿಯಿತು, ಎಂಥ ಸೂಕ್ಷ್ಮ ಮನಸ್ಸಿನವರು ಇವರು ಎಂದು ಕೇಳಿದರು. ನಮ್ಮ ಬೀದಿಯವರು ಸೂಕ್ಷ್ಮ ಮನಸ್ಸಿನವರೇ ಎಂದು ಹೇಳಿ ಕೆಳಗಿಳಿದೆ. ಸತ್ಯ ಹೇಳಲು ಒಂದು ಹೊತ್ತು ಇರುತ್ತದೆ. ಅದು ಆ ಹೊತ್ತಲ್ಲವೆಂದು ತೋರಿತು.

ಆದರೆ ಬಂದ ಬ್ರೆಡ್ಡೆಲ್ಲ ಸಿಹಿ. ಇದು ಬ್ರೆಡ್ಡಲ್ಲ, ನಾಚಿಕೊಂಡ ಕೇಕು ಎಂದು ಒಮ್ಮೆ ಅಂದರು. ಅವರ ಊರಿನದು ಕಪ್ಪಗೆ, ಹುಳಿಯಾಗಿ, ಕೈಗೆ ಭಾರವಾಗಿ ಇರುತ್ತದಂತೆ. ತೆಳ್ಳಗೆ ಕೊಯ್ದು, ಸುಟ್ಟು, ಉಪ್ಪು ಬೆಣ್ಣೆ ಸವರಿ, ಮೇಲೆ ಮೂಲಂಗಿ ಬಿಲ್ಲೆ ಇಡುತ್ತಾರಂತೆ. ಸಂಸ್ಥೆಯಲ್ಲಿ ಅವರಂತೆ ದೂರದಿಂದ ಬಂದವರು ಇನ್ನೂ ಇಬ್ಬರಿದ್ದರು. ಊಟದ ಬಿಡುವಿನಲ್ಲಿ ಅವರ ಮಾತೆಲ್ಲ ಇದೇ: ಬ್ರೆಡ್ಡು ಎಲ್ಲಿ ಸಿಗುತ್ತದೆ, ಅದಕ್ಕೆ ಏನು ಸವರುವುದು. ಇಂಗ್ಲೆಂಡಿನವರೊಬ್ಬರು ಕರಿ ಲೇಹ್ಯದಂಥ ಉಪ್ಪುಪ್ಪು ಪದಾರ್ಥವನ್ನು ಸಮುದ್ರ ದಾಟಿಸಿ ತಂದು, ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರಂತೆ. ಫ್ರಾನ್ಸಿನವರಿಗೆ ಬೆಣ್ಣೆಯ ಮೇಲೆ ಜಾಮು, ಅದೂ ಹುಳಿ ಹಣ್ಣಿನದೇ ಆಗಬೇಕು. ಕೇಳಿ ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಪರದೇಶಕ್ಕೆ ಹೋದ ಮನುಷ್ಯ ಭಾಷೆ ಬದಲಿಸಿಯಾನು, ಬಟ್ಟೆ ಬದಲಿಸಿಯಾನು. ನಾಲಿಗೆಯ ಹಟ ಮಾತ್ರ ಕೊನೆಯತನಕ ತನ್ನ ಊರಲ್ಲೇ ಕೂತಿರುತ್ತದೆ.

ಬಸ್ ಸ್ಟ್ಯಾಂಡಿನ ಹಿಂದೆ ಬೇಕರಿ ನಡೆಸುವ ಸಾಹೇಬರು ನನಗೆ ಹಳೆಯ ಪರಿಚಯ. ಸಕ್ಕರೆ ಇಲ್ಲದ ಒಂದು ಬ್ರೆಡ್ಡು ಮಾಡಿಕೊಡಿ ಎಂದು ಕೇಳಿದೆ. ಅವರು ಕೈಯ ಹಿಟ್ಟು ಒರೆಸಿಕೊಂಡು, ದನಿ ತಗ್ಗಿಸಿ ಕೇಳಿದರು:

‘ಕ್ಯಾ ಸಾರ್, ಮೇಡಮ್ಮಿಗೆ ಶುಗರ್ ಐತಾ?’

ಇಲ್ಲವೆಂದೆ. ಇಂಥ ‘ಇಲ್ಲ’ಕ್ಕೆ ನಮ್ಮ ಊರಲ್ಲಿ ಇರುವ ಬೆಲೆ ಮೊದಲೇ ಹೇಳಿದ್ದೇನೆ. ಸಂಜೆಯ ಹೊತ್ತಿಗೆ ಜ್ವರ ಹೋಗಿ ಶುಗರ್ ಬಂದಿತ್ತು. ಬೀದಿಯವರು ಮೂಸಂಬಿ ನಿಲ್ಲಿಸಿ ಹಾಗಲಕಾಯಿ ತರಲಾರಂಭಿಸಿದರು. ಎದುರುಮನೆಯ ಅಜ್ಜಿ ಮೆಂತ್ಯ ನೆನೆಸಿದ ನೀರನ್ನು ಲೋಟದಲ್ಲಿ ತಂದು, ಎದುರಿಗೇ ಕುಡಿಸಿ, ಲೋಟ ವಾಪಸು ಒಯ್ದರು. ಮಹಡಿಯವರು ಅದನ್ನೂ ಈ ಊರಿನ ಆತಿಥ್ಯವೆಂದೇ ಕುಡಿದಿದ್ದರು. ಸಾಹೇಬರು ಮಾತ್ರ ಹಟಕ್ಕೆ ಬಿದ್ದು ಗೋಧಿಗೆ ರಾಗಿ ಬೆರೆಸಿ, ಹಿಟ್ಟನ್ನು ಎರಡು ದಿನ ಹುಳಿ ಬರಿಸಿ ಸುಟ್ಟರು. ಮೊದಲನೆಯದು ಇಟ್ಟಿಗೆಯಾಯಿತು, ಎರಡನೆಯದು ನೆಲ ಸಾರಿಸುವ ಮಣ್ಣಾಯಿತು, ಮೂರನೆಯದನ್ನು ಮಹಡಿಯವರು ಮೂಸಿ ನೋಡಿ ಸುಮ್ಮನೆ ತಲೆಯಾಡಿಸಿದರು. ಬಣ್ಣ ಮುದ್ದೆಯದೇ. ಹುಳಿಯೂ ಇತ್ತು. ಶುಕ್ರವಾರಕ್ಕೆ ಒಂದರಂತೆ ಗೊತ್ತಾಯಿತು.

ಬ್ರೆಡ್ಡೇನೋ ಸಿಕ್ಕಿತು, ಮಹಡಿಯವರ ಮುಖ ಗೆಲುವಾಗಲಿಲ್ಲ. ಭಾನುವಾರ ಬಾಗಿಲು ಹಾಕಿಕೊಂಡೇ ಇರುತ್ತಿದ್ದರು. ಗೌರಿಹಬ್ಬಕ್ಕೆ ಎರಡು ವಾರ ಉಳಿದಿತ್ತು. ಹಗ್ಗಕ್ಕೆ ಬಟ್ಟೆ ಹಾಕುವಾಗ ಮೇಲಿನ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚಿಟ್ಟದ್ದು ಕಂಡಿತೆಂದು ನನ್ನ ಹೆಂಡತಿ ಹೇಳಿದಳು. ಶುಗರ್ರೂ ಇಲ್ಲ, ಜ್ವರವೂ ಇಲ್ಲವೆಂದು ನಾನು ಅವಳಿಗೆ ಆಗಲೇ ವಿವರಿಸಿದ್ದೆ. ‘ಜ್ವರ ಇಲ್ಲ ಅಂದ್ರೆ ಹುಷಾರಾಗವ್ರೆ ಅಂತೇನ್ರಿ?’ ಎಂದಳು. ಬೆಂಗಳೂರಿಂದ ತಂದಿದ್ದ ಶೇಂಗಾ ಬೆಣ್ಣೆಯ ಬಾಟಲಿ ಮುಗಿದಿದೆಯೆಂದು ಅವರು ಇವಳ ಹತ್ತಿರ ಹೇಳಿದ್ದರಂತೆ. ಬ್ರೆಡ್ಡಿಗೆ ಅದನ್ನು ಸವರಿದರೆ ಚಿಕ್ಕಂದಿನ ಬೆಳಗಿನ ನೆನಪಾಗುತ್ತದಂತೆ. ಅದೇನು ಶೇಂಗಾದ ಬೆಣ್ಣೆ ಎಂದು ಇವಳು ನನ್ನನ್ನು ಕೇಳಿದಳು.

ಕೇಳಬೇಕಾದವರನ್ನೇ ಕೇಳಿದ್ದಳು. ನಾನು ಈ ಊರಿನ ಎಣ್ಣೆ ಮಿಲ್ಲೊಂದರಲ್ಲಿ ಮೂವತ್ತನಾಲ್ಕು ವರ್ಷ ಶೇಂಗಾ ನೋಡಿದವನು. ಚೀಲಕ್ಕೆ ಕೈ ಹಾಕಿ, ಕಾಯಿ ಒಡೆದು, ಬೀಜ ಬಾಯಿಗೆ ಹಾಕಿ, ಇದು ಪರಶುರಾಂಪುರದ ಕಡೆಯದು, ಒಣಗಿಸಿದ್ದು ಸಾಲದು ಎಂದು ಹೇಳುವುದು ನನ್ನ ಕೆಲಸ. ಆ ಅಧಿಕಾರದಿಂದ ಹೇಳಿದೆ: ಶೇಂಗಾದಿಂದ ಎಣ್ಣೆ ಬರುತ್ತದೆ, ಹಿಂಡಿ ಬರುತ್ತದೆ, ಬೆಣ್ಣೆ ನನ್ನ ಸರ್ವೀಸಿನಲ್ಲಿ ಬಂದಿದ್ದಿಲ್ಲ. ಅದು ಬರೀ ನುಣ್ಣಗೆ ಅರೆದ ಶೇಂಗಾ ಅಷ್ಟೆ.

ಮರುದಿನ ಭಾನುವಾರ. ಹಿತ್ತಲಿನಿಂದ ಒಂದು ವಾಸನೆ ಬಂದು ನನ್ನನ್ನು ಪೇಪರಿನಿಂದ ಎಬ್ಬಿಸಿತು. ಹೋಗಿ ನೋಡಿದರೆ ನನ್ನ ಹೆಂಡತಿ ಒರಳಿನ ಮುಂದೆ ಕಾಲು ಚಾಚಿ ಕೂತಿದ್ದಾಳೆ. ಹುರಿದ ಶೇಂಗಾ, ಒಣಮೆಣಸಿನಕಾಯಿ, ಹುಣಸೆಹಣ್ಣು, ಬೆಳ್ಳುಳ್ಳಿ. ಮಿಕ್ಸಿ ಅಡುಗೆಮನೆಯಲ್ಲೇ ಇತ್ತು. ಕೊನೆಗೆ ಈರುಳ್ಳಿ ಹಾಕಿ ಎರಡು ಸಲ ಜಜ್ಜಿ, ತರಿತರಿಯಾಗಿದ್ದಂತೆಯೇ ಬಟ್ಟಲಿಗೆ ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ಕುತೂಹಲಕ್ಕೆ ನಾನೂ ಹಿಂದೆ ಹೋದೆ.

ಸಾಹೇಬರ ಕಪ್ಪು ಬ್ರೆಡ್ಡನ್ನು ಹಂಚಿನ ಮೇಲೆ ಸುಟ್ಟು, ಅದನ್ನು ದಪ್ಪಗೆ ಸವರಿ ಕೈಗೆ ಕೊಟ್ಟಳು. ‘ತಿನು ತಲ್ಲೀ’ ಎಂದಳು, ತಿನ್ನು ತಾಯಿ ಎಂದು. ನನಗೆ ಆಶ್ಚರ್ಯವಾಯಿತು. ಅವಳು ಮೊಳಕಾಲ್ಮೂರಿನ ತೆಲುಗು ಮಾತಿನ ನೇಕಾರರ ಮನೆಯವಳು. ಆ ಭಾಷೆ ಈಗ ತಂಗಿಯ ಫೋನು ಬಂದಾಗ ಮಾತ್ರ ಹೊರಗೆ ಬರುತ್ತದೆ. ತೆಲುಗಿನಲ್ಲಿ ಅನ್ನವನ್ನೂ ತಿನ್ನುತ್ತಾರೆ, ಬ್ರೆಡ್ಡನ್ನೂ ತಿನ್ನುತ್ತಾರೆ. ವ್ಯಾಕರಣದ ಜಗಳ ಅಲ್ಲಿಗೆ ಮುಗಿಯಿತು.

ಅವರು ತಿಂದರು. ಕಣ್ಣಲ್ಲೂ ಮೂಗಲ್ಲೂ ನೀರು ಬಂತು. ಖಾರಕ್ಕೆ ಎಂದು ನಾವು ಮೂವರೂ ಒಪ್ಪಿಕೊಂಡೆವು. ಇನ್ನೊಂದು ಚೂರಿಗೆ ಕೈ ಚಾಚಿ, ಇದರ ಹೆಸರೇನೆಂದು ಕೇಳಿದರು. ಊರುಬಿಂಡಿ ಎಂದಳು ಇವಳು, ನಮ್ಮಮ್ಮ ಮಾಡುತ್ತಿದ್ದದ್ದು. ಅವರಿಗೆ ಅದರಲ್ಲಿ ‘ಊರು’ ಎಂಬುದಷ್ಟೇ ತಿಳಿಯಿತು, ತಲೆಯಾಡಿಸಿದರು. ಆಮೇಲೆ, ಇಷ್ಟು ದಿನ ಏಕೆ ಮಾಡಲಿಲ್ಲ ಅಕ್ಕ ಎಂದರು.

‘ಇವ್ರಿಗೆ ಆಗಲ್ಲ’ ಎಂದಳು, ನನ್ನ ಕಡೆ ನೋಡದೆ.

‘ನಂಗಾ? ನಾನ್ಯಾವಾಗ ಅಂದೆ?’

‘ಮದ್ವೆ ಆದ್ ಹೊಸ್ದಾಗಿ. ಮಾಡಿ ತಟ್ಟೆಗೆ ಹಾಕಿದ್ದೆ. ಮಿಲ್ಲಾಗೂ ಶೇಂಗಾ ಮನ್ಯಾಗೂ ಶೇಂಗಾ, ನಾನೇನ್ ಗಾಣದೆತ್ತಾ ಅಂತ ತಟ್ಟೆ ಸರಿಸಿದ್ರಿ.’

‘ಒಂದ್ ಸಲ ಅಂದಿರ್ಬೋದು ಕಣೇ.’

‘ಎಷ್ಟ್ ಸಲ ಅನ್ಬೇಕಿತ್ತು?’

ಮದುವೆಯಾಗಿ ನಲವತ್ತು ವರ್ಷವಾಗಿದೆ. ನಮ್ಮ ಮನೆಯಲ್ಲಿ ಹುರಿಗಡಲೆ ಚಟ್ನಿ ಆಗುತ್ತದೆ, ಗುರೆಳ್ಳು ಪುಡಿ ಆಗುತ್ತದೆ. ಸುತ್ತ ಶೇಂಗಾ ಹೊಲಗಳೇ ಇರುವ ಊರಿನಲ್ಲಿ ಶೇಂಗಾ ಚಟ್ನಿ ಇಲ್ಲದ ಮನೆ ನಮ್ಮದೊಂದೇ ಇದ್ದಿರಬೇಕು. ಕಾಯಿ ಒಡೆದು ಊರು ಹೇಳುತ್ತಿದ್ದ ನನಗೆ ಅದು ಕಂಡಿರಲಿಲ್ಲ. ತವರಿಗೆ ಹೋದಾಗ ತಿಂದು ಬರುತ್ತಿದ್ದಳಂತೆ. ಅಮ್ಮ ಹೋದ ಮೇಲೆ ಅದೂ ಇಲ್ಲ. ಮೊಳಕಾಲ್ಮೂರು ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅದೂ ಪರದೇಶವಾಗಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ಹೇಳುವ ಪೈಕಿಯಲ್ಲ.

‘ಮತ್ತೆ ನೀವು ಏನು ಮಾಡಿದಿರಿ, ಅಕ್ಕ?’ ಎಂದು ಅವರು ತಮ್ಮ ಪುಸ್ತಕದ ಕನ್ನಡದಲ್ಲಿ ಕೇಳಿದರು.

‘ಒಗ್ಕಂಡೆ’ ಎಂದಳು ನನ್ನ ಹೆಂಡತಿ.

ಆ ಪದ ಅವರಿಗೆ ಗೊತ್ತಿತ್ತು. ಕರಾರಿಗಾಗಿಯೇ ಕಲಿತಿದ್ದರು. ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಹೇಳಿದರು: ‘ನಾನು ಇರುತ್ತೇನೆ. ಆದರೆ ಒಗ್ಗುವುದಿಲ್ಲ. ಬೇಕಾದ್ದನ್ನು ಕೇಳುತ್ತೇನೆ.’

‘ಹಂಗೇ ಮಾಡವ್ವ’ ಎಂದಳು ಇವಳು. ಸೆರಗಿನಲ್ಲಿ ಕೈ ಒರೆಸಿಕೊಂಡದ್ದು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತಾಯಿತು.

ಆಮೇಲೆ ಇನ್ನೆರಡು ಹೋಳು ಸುಟ್ಟಳು. ಒಂದಕ್ಕೆ ಊರುಬಿಂಡಿ ಸವರಿ ಅವರಿಗೆ ಕೊಟ್ಟಳು. ಇನ್ನೊಂದಕ್ಕೆ ಅದಕ್ಕಿಂತ ದಪ್ಪಗೆ ಸವರಿ, ತಾನೇ ಹಿಡಿದುಕೊಂಡು ಕಿಟಕಿಯ ಹತ್ತಿರ ಹೋಗಿ ಕೂತು ತಿನ್ನತೊಡಗಿದಳು. ಮನೆಯ ಯಜಮಾನನೊಬ್ಬ ಅಲ್ಲೇ ನಿಂತಿದ್ದಾನೆಂಬುದು ಇಬ್ಬರಿಗೂ ಮರೆತಂತಿತ್ತು. ನಲವತ್ತು ವರ್ಷದಲ್ಲಿ ನನಗಿಂತ ಮೊದಲು ಅವಳು ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕರೆಯುತ್ತಾಳೆಂದು ಸ್ವಲ್ಪ ಹೊತ್ತು ಕಾದೆ. ಕರೆಯಲಿಲ್ಲ.

‘ನಂಗೂ ಒಂದು ಕೊಡೇ’ ಎಂದೆ.

ಅವಳು ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗಿದಳು. ಆಮೇಲೆ ಎದ್ದು ಹಂಚು ಇಟ್ಟಳು.