ಡ್ರಿಲ್ ಮೇಷ್ಟ್ರ ನೆಟ್ಟಗಿನ ನಡಿಗೆ

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ನಮ್ಮ ಡ್ರಿಲ್ ಮೇಷ್ಟ್ರು ಆ ಜಟ್ಟಿಗೇ ಪಾಠ ಹೇಳಬಲ್ಲವರು. ಸೊಂಟದ ಕೀಲು ಸವೆದು ಲೋಹದ ಕೀಲು ಹಾಕಿಸಿಕೊಂಡ ಮೇಲೂ ಎದೆ ಸೆಟೆಸಿಕೊಂಡೇ ಹಾಲು ತರಲು ಹೋಗುತ್ತಿದ್ದರು. ‘ಹೇಗಿದೆ ಮೇಷ್ಟ್ರೇ?’ ಅಂದರೆ ‘ಫಸ್ಟ್ ಕ್ಲಾಸ್!’ ಮನೆಗೆ ಬಂದು ಬಾಗಿಲು ಹಾಕಿಕೊಂಡು ಹಲ್ಲು ಕಚ್ಚಿ ನರಳುತ್ತಿದ್ದುದು ಹೆಂಡತಿಗೆ ಮಾತ್ರ ಗೊತ್ತು. ಯಾರಿಗೂ ಹೇಳಬಾರದೆಂದು ಆಕೆಯಿಂದಲೂ ಆಣೆ ಹಾಕಿಸಿಕೊಂಡಿದ್ದರು.

ಆ ‘ಫಸ್ಟ್ ಕ್ಲಾಸ್’ ನಂಬಿ ಅವರ ಅತ್ತಿಗೆ, ತೀರಿಕೊಂಡ ಅಣ್ಣನ ಹೆಂಡತಿ, ಮರುವರ್ಷ ಅದೇ ಕಂಪನಿಯ ಕೀಲು ಹಾಕಿಸಿಕೊಂಡರು. ಈಗ ಅವರ ಲೋಕವೆಂದರೆ ಮಂಚ, ಕುರ್ಚಿ, ಮತ್ತೆ ಮಂಚ.

ಕೀಲು ಒಳಗೇ ಸವೆದು ಪುಡಿ ರಕ್ತಕ್ಕೆ ಸೇರುತ್ತದೆಂದು ಸುದ್ದಿಯಾದಾಗ ಹಾಕಿಸಿಕೊಂಡವರೆಲ್ಲ ಒಟ್ಟಾದರು. ಇಲ್ಲಿ ಕೀಲು ಮಾರಿದ ಕಚೇರಿ ಬೀಗ ಹಾಕಿಕೊಂಡು ಪರಾರಿ. ತಯಾರಿಸಿದ ಕಂಪನಿ ಇದ್ದದ್ದು ಹೊರದೇಶದಲ್ಲಿ.

‘ಇಲ್ಲಿ ಗೆದ್ರೂ ಜಪ್ತಿ ಮಾಡೋಕೆ ಅವರದ್ದೊಂದು ಕುರ್ಚೀನೂ ಇಲ್ಲ,’ ಎಂದರು ಅವರೆಲ್ಲ ಸೇರಿ ಹಿಡಿದ ವಕೀಲಮ್ಮ. ‘ಅವರ ಕೋರ್ಟಲ್ಲೇ, ಎಲ್ಲರ ಪರವಾಗಿ ಒಂದೇ ದಾವೆ ಹಾಕೋಣ. ಒಬ್ಬೊಬ್ಬರ ಮೈ ಒಂದೊಂದು ಥರ, ಒಟ್ಟಿಗೆ ವಿಚಾರಣೆ ಆಗಲ್ಲ, ನಿಮ್ಮ ದೇಶದಲ್ಲೇ ನೋಡ್ಕೊಳ್ಳಿ ಅಂತಾರೆ ಕಂಪನಿಯವರು. ಎಲ್ಲರ ಕಷ್ಟಾನೂ ಒಂದೇ ಅಂತ ತೋರಿಸೋ ಪ್ರತಿನಿಧಿ ಬೇಕು.’

ರಕ್ತಪರೀಕ್ಷೆಯಲ್ಲಿ ಸಿಕ್ಕಿಬಿದ್ದು ‘ಈಚೆಗೆ ಸ್ವಲ್ಪ ನೋವು’ ಎಂದು ಒಪ್ಪಿಕೊಂಡಿದ್ದ ಮೇಷ್ಟ್ರೇ ಪ್ರತಿನಿಧಿಯಾದರು. ದೊಡ್ಡ ಗಂಟಲು, ಮಾತುಗಾರ, ಇನ್ನೇನು ಬೇಕು?

ವಕೀಲಮ್ಮನ ಕೋಣೆಯಲ್ಲಿ ಪರದೆ ಇಟ್ಟು ವಿಚಾರಣೆ ನಡೆಯಿತು. ಆ ಕಡೆಯಿಂದ ಕಂಪನಿಯ ವಕೀಲ ಬಹಳ ವಿನಯದಿಂದ, ದುಭಾಷಿಯ ಬಾಯಲ್ಲಿ, ‘ಸ್ವಲ್ಪ ನಡೆದು ತೋರಿಸ್ತೀರಾ?’ ಎಂದ. ಸಾಕಲ್ಲ! ಪರದೇಶದವನ ಮುಂದೆ ಕುಂಟುವುದೇ? ಮೇಷ್ಟ್ರು ಹೊಟ್ಟೆ ಒಳಗೆಳೆದು, ಗೋಡೆಯವರೆಗೆ ನೆಟ್ಟಗೆ ನಡೆದು, ಗಿರಕ್ಕನೆ ತಿರುಗಿ ವಾಪಸ್ ಬಂದರು. ಕಂಪನಿಯ ವಕೀಲ ನಕ್ಕು ವಂದಿಸಿದ. ವಕೀಲಮ್ಮ ಹಣೆ ಚಚ್ಚಿಕೊಂಡರು.

‘ಪ್ರತಿನಿಧೀನೇ ಗುಂಡುಕಲ್ಲಿನ ಹಾಗಿದ್ದಾನೆ, ನೋವು ಬಂದೋರಿಗೆ ಅವರವರ ಡಾಕ್ಟರ್ ತಪ್ಪು ಅಂತ ಕಂಪನಿಯವರು ಕೋರ್ಟಿಗೆ ಬರೆದು ಹಾಕಿದ್ದಾರೆ ಸರ್. ಇಲ್ಲಿ ದಾವೆ ಹಾಕೋ ಅವಧಿ ಮುಗಿದಿದೆ. ಅಲ್ಲಿ ಬಾಗಿಲು ಮುಚ್ಚಿದ್ರೆ ಯಾರಿಗೂ ಏನೂ ಇಲ್ಲ. ಇನ್ನೊಂದು ಸಲ ನಿಮ್ಮನ್ನ ಕೇಳೋಕೆ ಕೋರ್ಟನ್ನ ಒಪ್ಪಿಸಿದ್ದೀನಿ. ನೋವು ಮುಚ್ಚಿಟ್ಟಿದ್ದೆ ಅಂತ ಹೇಳಿ. ಯಾವಾಗಿಂದ ಅಂತಾನೂ ಕೇಳ್ತಾರೆ. ಅವತ್ತು ನಿಮ್ಮ ಅತ್ತಿಗೇನೂ ಸಾಕ್ಷಿಗೆ ಬರ್ತಾರೆ.’

ಮೇಷ್ಟ್ರ ಮುಖ ಕಪ್ಪಿಟ್ಟಿತು. ಯಾವಾಗಿನಿಂದ ಎಂಬುದನ್ನು ಅತ್ತಿಗೆಯ ಎದುರು ಹೇಳುವುದೇ? ಊಟ ಸೇರಲಿಲ್ಲ. ‘ಕಾಲು ಹೋದ್ರೂ ಜಂಬ ಹೋಗಲಿಲ್ಲ ನಿಮ್ಮದು,’ ಎಂದಳು ಹೆಂಡತಿ. ‘ಹೇಳಿಬಿಡಿ. ನಂಗೂ ಅಕ್ಕನ ಮುಖ ನೋಡೋಕಾಗ್ತಿಲ್ಲ.’

ವಿಚಾರಣೆಯ ದಿನ ಅತ್ತಿಗೆ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಮೈದುನ ಬೆವರುವುದನ್ನು ಕಂಡು ಅವನ ಮೊಣಕೈ ಮೇಲೆ ಕೈಯಿಟ್ಟು, ‘ಹೆದರಬೇಡ, ಹೇಳು. ನಾನಿದೀನಿ’ ಎಂದರು.

‘ನೋವು ಶುರುವಾದದ್ದು ಯಾವಾಗ?’ ಪರದೆಯಿಂದ ಪ್ರಶ್ನೆ ಬಂತು.

‘ಹಾಕಿಸಿದ ಎರಡನೇ ತಿಂಗಳಿಂದಲೇ.’

‘ಯಾರಿಗಾದರೂ ಹೇಳಿದ್ದಿರಾ?’

‘ಇಲ್ಲ. ಕೇಳಿದೋರಿಗೆಲ್ಲ ಚೆನ್ನಾಗಿದೆ ಅಂತಲೇ ಹೇಳ್ತಿದ್ದೆ.’

ಮೊಣಕೈ ಮೇಲಿದ್ದ ಕೈ ಸರಿಯಿತು. ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದರು ಮೇಷ್ಟ್ರು. ಆಮೇಲೆ ಅತ್ತಿಗೆಯ ಸರದಿ. ಈ ಕೀಲು ಒಳ್ಳೆಯದೆಂದು ಯಾರು ಹೇಳಿದರೆಂದು ಕೇಳಿದ್ದಕ್ಕೆ, ‘ಮನೇಲಿ ಒಬ್ಬರು’ ಎಂದಷ್ಟೇ ಅಂದರು.

ಒಂದೇ ದಾವೆಯಾಗಿ ಅಲ್ಲೇ ನಡೆಯಲೆಂದು ಆ ಕೋರ್ಟು ಮುಂದೆ ಒಪ್ಪಿತು. ಆದರೆ ಅವತ್ತು ಪರದೆ ಆರಿದಾಗ, ಖುಷಿಯಲ್ಲಿದ್ದ ವಕೀಲಮ್ಮ, ಸಾಕ್ಷಿ ಚೆನ್ನಾಗಿ ಆಯಿತೆಂದು ಎಲ್ಲರಿಗೂ ಸುದ್ದಿ ಮುಟ್ಟಿಸಲು ಹೊರಗೆ ಓಡಿದರು. ಕೋಣೆಯಲ್ಲಿ ಇವರಿಬ್ಬರೇ.

‘ನಾನು ಆಪರೇಷನ್‌ಗೆ ಹೆದರಿ ಅತ್ತಾಗ ಮೆಟ್ಟಿಲು ಹತ್ತಿ ಇಳಿದು ತೋರಿಸಿದ್ಯಲ್ಲ,’ ಎಂದರು ಅತ್ತಿಗೆ. ‘ಆಗಲೂ ನೋಯ್ತಿತ್ತಾ?’

‘ಹೂಂ ಅತ್ತಿಗೆ.’

ಅವರು ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡು ತೋಳು ಚಾಚಿದರು. ‘ಎಬ್ಬಿಸು. ಇನ್ಯಾರೂ ಇಲ್ಲ ಇಲ್ಲಿ.’